ಅಕ್ಕನ್ನ ಕೇಳಿ: ಗುಣ ಒಳ್ಳೇದಿದ್ರೆ ಮುಖನೂ ಚೆಂದ ಆಗುತ್ತಾ?

ಹೋದ ತಿಂಗಳು ಯಾರೋ ಮುಖಕ್ಕೆ ಏನು ಹಚ್ಚಿದ್ರೆ ಒಳ್ಳೇದು ಅಂತ ಕೇಳಿದ್ದಕ್ಕೆ "ಮೊದಲು ಮನೇಲಿರೋರ ಜೊತೆ ನಾಲ್ಕು ಒಳ್ಳೆ ಮಾತಾಡಿ, ಮುಖ ತಾನಾಗೇ ಚೆಂದ ಕಾಣುತ್ತೆ" ಅಂತ ಬರೆದಿದ್ದೆ. ಒಂದೇ ಸಾಲು. ಕಾಗದ, ಇಮೇಲು, ವಾಟ್ಸಾಪು ಎಲ್ಲದ್ರಲ್ಲೂ ನೀವು ಅದನ್ನೇ ಹಿಡ್ಕೊಂಡಿದೀರ, ಕೆಲವರು ಚೆನ್ನಾಗಿ ಬೈದೂ ಇದೀರ, ಹಾಗಾಗಿ ಈ ಸಲ ಅತ್ತೆ ಸೊಸೆ, ಸಾಲ, ಸೈಟು ಎಲ್ಲಾ ಪಕ್ಕಕ್ಕಿಟ್ಟು ಬರೀ ಇದೇ ವಿಷ್ಯ.

ಪ್ರಶ್ನೆ: ಅಕ್ಕ, ನಂಗೆ 27 ವರ್ಷ, ಎಂ.ಕಾಂ ಮಾಡಿದೀನಿ, ಕೆಲಸ ಇದೆ. ಬಣ್ಣ ಕಪ್ಪು. ಗಂಡಿನ ಕಡೆಯವರು ಬರ್ತಾರೆ, ಉಪ್ಪಿಟ್ಟು ಕೇಸರಿಬಾತು ತಿಂತಾರೆ, "ಊರಿಗೆ ಹೋಗಿ ಫೋನ್ ಮಾಡ್ತೀವಿ" ಅಂತಾರೆ, ಮಾಡಲ್ಲ. ಅಮ್ಮ ಮಾತ್ರ ಬಂದೋರ ಮುಂದೆಲ್ಲಾ "ಬಣ್ಣ ಸ್ವಲ್ಪ ಕಮ್ಮಿ, ಆದ್ರೆ ಗುಣದಲ್ಲಿ ಅಪ್ಪಟ ಚಿನ್ನ" ಅಂತಾರೆ, ಅದು ಕೇಳಿದ್ರೇನೇ ನಂಗೆ ಜಾಸ್ತಿ ಅಳು ಬರೋದು. ಚಿಕ್ಕಮ್ಮ ಮೆಡಿಕಲ್ ಶಾಪಿಂದ ಒಂದು ಕ್ರೀಮು ತಂದುಕೊಟ್ರು, ಬೇಗ ಬೆಳ್ಳಗಾಗಿದ್ದು ನಿಜ, ಈಗ ಬಿಸಿಲಿಗೆ ಹೋದ್ರೆ ಮುಖ ಉರಿಯುತ್ತೆ. ನೀವು ಹೇಳೋ ಒಳಗಿನ ಚೆಲುವು ಅನ್ನೋದು ಕಪ್ಪಗಿರೋರಿಗೆ ಕೊಡೋ ಸಮಾಧಾನಕರ ಬಹುಮಾನ ತಾನೇ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಮೊದಲು ಕ್ರೀಮಿನ ವಿಷ್ಯ, ಅದು ಅರ್ಜೆಂಟು. ದಿಢೀರಂತ ಬೆಳ್ಳಗೆ ಮಾಡಿ ಆಮೇಲೆ ಬಿಸಿಲಿಗೆ ಉರಿ ಕೊಡೋ ಕ್ರೀಮಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತೆ ಪುಟ್ಟಿ, ಟ್ಯೂಬ್ ಮೇಲೆ ಸಣ್ಣಕ್ಷರದಲ್ಲಿ ಬೆಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಸಾಲ್ ಅಂತ ಏನಾದ್ರೂ ಬರೆದಿದೆಯಾ ನೋಡು. ಅದು ಚರ್ಮದ ಕಾಯಿಲೆಗೆ ಡಾಕ್ಟ್ರು ಸ್ವಲ್ಪ ದಿನಕ್ಕೆ ಅಂತ ಬರೆದುಕೊಡೋ ಔಷಧಿ, ಪೌಡರ್ ಥರ ದಿನಾ ಬಳ್ಕೊಳ್ಳೋದಲ್ಲ. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ಸಣ್ಣ ಸಣ್ಣ ರಕ್ತನಾಳ ಎದ್ದು ಕಾಣೋಕೆ ಶುರುವಾಗುತ್ತೆ, ಮೊಡವೆ ಏಳುತ್ತೆ, ಕೆಲವರಿಗೆ ಕೆನ್ನೆ ಮೇಲೆ ಕೂದಲೂ ಬರುತ್ತೆ. ಬಿಟ್ಟರೆ ಮುಖ ಕೆಂಡದ ಹಾಗಾಗೋದ್ರಿಂದ ಜನ ಮತ್ತೆ ಅದನ್ನೇ ಹಚ್ತಾರೆ. ಟ್ಯೂಬ್ ಸಮೇತ ಚರ್ಮದ ಡಾಕ್ಟ್ರ ಹತ್ರ ಹೋಗು, ಹೇಗೆ ಬಿಡಬೇಕು ಅಂತ ಅವರೇ ಹೇಳ್ತಾರೆ. ಚಿಕ್ಕಮ್ಮನ ಮೇಲೆ ಕೂಗಾಡಬೇಡ, ಅವರೂ ಅದೇ ಅಂಗಡಿಯವನ ಮಾತು ನಂಬಿದೋರು.

ಇನ್ನು ಸಮಾಧಾನಕರ ಬಹುಮಾನ. ನಿನ್ನ ಸಿಟ್ಟು ನ್ಯಾಯವಾಗೇ ಇದೆ. ನಮ್ಮ ದೇಶದಲ್ಲಿ 1975ರಿಂದ ಒಂದು ಕ್ರೀಮು "ಫೇರ್" ಅನ್ನೋ ಒಂದು ಪದದ ಮೇಲೇ ವ್ಯಾಪಾರ ಮಾಡ್ತು, 2020ರಲ್ಲಿ ಆ ಪದ ತೆಗೆದು "ಗ್ಲೋ" ಅಂತ ಹಾಕಿದ್ರು, ಟ್ಯೂಬ್ ಮೇಲಿನ ಹೆಸರು ಬದಲಾಯ್ತೇ ಹೊರತು ವಧೂವರರ ಕಾಲಂ ಬದಲಾಗಿಲ್ಲ. ಅಲ್ಲದೆ ಮೊದಲ ನೋಟಕ್ಕೆ ರೂಪ ಇದ್ದೋರಿಗೇ ಲಾಭ ಅನ್ನೋದೂ ನಿಜ, ಅದನ್ನ ಮುಚ್ಚಿಟ್ಟು ನಿಂಗೆ ಬುದ್ಧಿ ಹೇಳೋಕೆ ನಂಗೆ ಇಷ್ಟ ಇಲ್ಲ. 1972ರಲ್ಲಿ ಅಮೆರಿಕದಲ್ಲಿ ಕ್ಯಾರನ್ ಡಿಯಾನ್, ಎಲೆನ್ ಬರ್ಶೀಡ್, ಎಲೇನ್ ವಾಲ್ಸ್ಟರ್ ಅಂತ ಮೂರು ಜನ ಮನಶ್ಶಾಸ್ತ್ರಜ್ಞೆಯರು ಕಾಲೇಜು ಹುಡುಗ ಹುಡುಗೀರಿಗೆ ಬರೀ ಫೋಟೋ ತೋರಿಸಿ ಇವರು ಎಂಥೋರು ಹೇಳಿ ಅಂದ್ರು. ಚೆಂದ ಇರೋರ ಫೋಟೋಗೆ ಸ್ವಭಾವನೂ ಒಳ್ಳೇದು, ಒಳ್ಳೆ ಕೆಲಸ ಸಿಗುತ್ತೆ, ಸಂಸಾರನೂ ಚೆನ್ನಾಗಿರುತ್ತೆ ಅಂತ ಮಾರ್ಕ್ಸ್ ಬಿತ್ತು. ಒಂದು ಮಾತೂ ಆಡಿಲ್ಲ, ಬರೀ ಫೋಟೋ! ನಿಮ್ಮನೆ ಹಾಲ್‌ನಲ್ಲಿ ನಡೀತಿರೋದೂ ಇದೇ.

ಆದ್ರೆ ಇದಕ್ಕೆ ಎರಡನೇ ಅಧ್ಯಾಯ ಇದೆ. 2004ರಲ್ಲಿ ಕೆವಿನ್ ನಿಫಿನ್ ಮತ್ತು ಡೇವಿಡ್ ಸ್ಲೋನ್ ವಿಲ್ಸನ್ ಅನ್ನೋರು ಒಂದು ಅಧ್ಯಯನ ಪ್ರಕಟಿಸಿದ್ರು. ಅದ್ರಲ್ಲಿ ಒಂದು ಭಾಗ ಹೀಗಿದೆ, ಬೇಸಿಗೆಯಲ್ಲಿ ಭೂಮಿ ಅಗೆದು ಹಳೇ ಅವಶೇಷ ಹುಡುಕೋ ಪುರಾತತ್ವದ ಕೋರ್ಸಿಗೆ ಒಬ್ಬರಿಗೊಬ್ಬರು ಗೊತ್ತಿಲ್ಲದ ವಿದ್ಯಾರ್ಥಿಗಳು ಬಂದ್ರು, ಮೊದಲನೇ ದಿನ "ಇವರೆಲ್ಲ ನೋಡೋಕೆ ಹೇಗಿದಾರೆ" ಅಂತ ಒಬ್ಬರಿಗೊಬ್ಬರು ಅಂಕ ಹಾಕಿದ್ರು, ಆರು ವಾರ ಮಣ್ಣು, ಧೂಳು, ಬಿಸಿಲಲ್ಲಿ ಜೊತೇಲಿ ದುಡಿದ ಮೇಲೆ ಅದೇ ಪ್ರಶ್ನೆಗೆ ಮತ್ತೆ ಅಂಕ. ಈ ಸಲದ ಅಂಕಗಳು ಬದಲಾಗಿದ್ವು. ಯಾರು ಇಷ್ಟ ಆದ್ರೋ, ಯಾರು ಮೈಮುರಿದು ಕೆಲಸ ಮಾಡಿದ್ರೋ ಅವರ ರೂಪಕ್ಕೇ ಅಂಕ ಏರಿತ್ತು. ಗಮನಿಸು, "ಒಳ್ಳೆಯವರಾ" ಅಂತ ಕೇಳಿರ್ಲಿಲ್ಲ, ನೋಡೋಕೆ ಹೇಗಿದಾರೆ ಅಂತಲೇ ಕೇಳಿದ್ದು. ನಮ್ಮೋರು "ಹೆತ್ತವರಿಗೆ ಹೆಗ್ಗಣ ಮುದ್ದು" ಅಂತ ಇದನ್ನೇ ಗೇಲಿ ಮಾಡ್ಕೊಂಡು ಹೇಳಿದ್ರು, ಪಾಪ ಹೆಗ್ಗಣದ ಕಥೆ ಬೇರೆ, ಆದ್ರೆ ಪ್ರೀತಿ ಕಣ್ಣನ್ನೇ ಬದಲಾಯಿಸುತ್ತೆ ಅನ್ನೋದು ಸುಳ್ಳಲ್ಲ.

ಈಗ ನಿನ್ನ ಲೆಕ್ಕ ಹಾಕು. ಅವರಿಗೆ ಆರು ವಾರ ಸಿಕ್ತು, ನಿಂಗೆ ಸಿಗೋದು ಅರ್ಧ ಗಂಟೆ, ಅದ್ರಲ್ಲೂ ಕಾಲು ಗಂಟೆ ಕಾಫಿ ತಟ್ಟೆ ಹಿಡ್ಕೊಂಡು ತಲೆ ಬಗ್ಗಿಸಿ ನಿಂತಿರ್ತೀಯ, ಹೀಗಿರೋವಾಗ ಯಾವ ಗುಣ ಯಾರಿಗೆ ಕಾಣ್ಬೇಕು? ತಪ್ಪು ನಿನ್ನ ಮುಖದಲ್ಲಿಲ್ಲ, ಈ ಹೆಣ್ಣು ನೋಡೋ ಏರ್ಪಾಡಲ್ಲಿದೆ. ಮನೇಲಿ ಖಡಾಖಂಡಿತವಾಗಿ ಹೇಳು, ಫೋಟೋ ಮೊದಲೇ ಕಳಿಸಿ, ಫಿಲ್ಟರ್ ಹಾಕದ್ದು, ಬಣ್ಣ ಬೇಡ ಅನ್ನೋರು ಉಪ್ಪಿಟ್ಟಿಗೂ ಬರೋದು ಬೇಡ. ಬರೋ ಹುಡುಗನ ಜೊತೆ ಹೊರಗೆ ಮೂರ್ನಾಲ್ಕು ಸಲ ಕೂತು ಮಾತಾಡಿದ ಮೇಲೇ ಹೂಂ ಉಹೂಂ. ಮಾತಾಡೋವಾಗ ನೀನೂ ಅವನನ್ನ ನೋಡು ಮತ್ತೆ, ಹೋಟೆಲ್ ಸಪ್ಲಯರ್ ಹತ್ರ ಹೇಗೆ ಮಾತಾಡ್ತಾನೆ ಅಂತ. ಅಮ್ಮಂಗೆ ಮಾತ್ರ ನಾನೇ ಹೇಳ್ತೀನಿ: ಅಮ್ಮಾ, "ಬಣ್ಣ ಕಮ್ಮಿ ಆದ್ರೆ" ಅಂತ ಶುರು ಮಾಡೋದನ್ನ ಬಿಡಿ. ಮಗಳ ಗುಣವನ್ನ ಬಣ್ಣದ ಬಾಕಿ ತೀರಿಸೋಕೆ ಬಳಸಬೇಡಿ.

ಪ್ರಶ್ನೆ: ನಮ್ಮ ಆಫೀಸಲ್ಲಿ ಒಬ್ಬರು ಹೊಸ ಮ್ಯಾನೇಜರ್ ಬಂದ್ರು, ಆರಡಿ ಎತ್ತರ, ಥೇಟ್ ಹೀರೋ. ನಾವೆಲ್ಲ ಫಿದಾ. ಆಮೇಲೆ ಸೆಕ್ಯುರಿಟಿ ಅಂಕಲ್‌ಗೆ, ಹೌಸ್‌ಕೀಪಿಂಗ್ ಅಕ್ಕಂಗೆ ಬೈಯೋದು ನೋಡಿ ನೋಡಿ ಈಗ ಆ ಮುಖ ನೋಡೋಕೇ ಆಗ್ತಿಲ್ಲ, ಮೂಗು ಸೊಟ್ಟ ಇದ್ದ ಹಾಗೆ ಅನ್ಸುತ್ತೆ. ಹೊಸದಾಗಿ ಸೇರಿದ ಹುಡುಗಿ "ಅಯ್ಯೋ ಎಷ್ಟು ಹ್ಯಾಂಡ್ಸಮ್" ಅಂತಾಳೆ. ನಂಗೇನಾದ್ರೂ ಹೊಟ್ಟೆಕಿಚ್ಚಾ?
(ಬೆಂಗಳೂರಿಂದ ಒಬ್ಬಳು ಟೆಕ್ಕಿ)

ಉತ್ತರ: ಹೊಟ್ಟೆಕಿಚ್ಚಲ್ಲ ಕಣಮ್ಮ. ಮೇಲೆ ಹೇಳಿದ 2004ರ ಅಧ್ಯಯನದಲ್ಲೇ ನಿನ್ನ ಆಫೀಸಿನ ಕಥೆನೂ ಇದೆ. ದೋಣಿ ಹುಟ್ಟು ಹಾಕೋ ಒಂದು ಟೀಮು. ಅದ್ರಲ್ಲಿ ಒಬ್ಬ ಮೈಗಳ್ಳ, ಇನ್ನೊಬ್ಬ ಒಲಿಂಪಿಕ್ ತಂಡಕ್ಕೆ ಪ್ರಯತ್ನ ಮಾಡ್ತಿದ್ದ ಭಾರೀ ಶ್ರಮಜೀವಿ. ಟೀಮಿನೋರ ಕಣ್ಣಿಗೆ ಮೈಗಳ್ಳ ಕುರೂಪಿ, ಶ್ರಮಜೀವಿ ಸುಂದರಾಂಗ. ಟೀಮಿನ ಪರಿಚಯನೇ ಇಲ್ಲದೋರಿಗೆ ಫೋಟೋ ತೋರಿಸಿದ್ರೆ ಇಬ್ಬರ ಮಧ್ಯೆ ಅಂಥ ವ್ಯತ್ಯಾಸನೇ ಕಾಣಲಿಲ್ಲ. ನಿನ್ನ ಹೊಸ ಹುಡುಗಿ ಈಗ ಆ ಫೋಟೋ ನೋಡಿದೋರ ಜಾಗದಲ್ಲಿದಾಳೆ, ಸ್ವಲ್ಪ ದಿನ ಬಿಡು, ಅವಳಿಗೂ ಮೂಗು ಸೊಟ್ಟ ಕಾಣುತ್ತೆ. ಅಷ್ಟಕ್ಕೇ ನಿಲ್ಲಿಸಬೇಡ ಮತ್ತೆ, ಮೂಗಿನ ಬಗ್ಗೆ ಕ್ಯಾಂಟೀನಲ್ಲಿ ಮಾತಾಡೋ ಬದಲು ಸೆಕ್ಯುರಿಟಿ ಅಂಕಲ್‌ಗೆ ಬೈದಿದ್ದನ್ನ ಎಚ್.ಆರ್.ಗೆ ಬರೆದು ಕೊಡು, ಅವರು ಔಟ್‌ಸೋರ್ಸ್ ಕೆಲಸದೋರು, ಅವರ ಪರವಾಗಿ ಬರೆಯೋರು ಯಾರೂ ಇರಲ್ಲ.

ಪ್ರಶ್ನೆ: ಮೇಡಂ, ನಾನು ಸೀರೆ ಅಂಗಡೀಲಿ ಸೇಲ್ಸ್ ಗರ್ಲ್. ಬೆಳಗ್ಗಿಂದ ರಾತ್ರಿವರೆಗೆ ನಗ್ತಾನೇ ಇರ್ಬೇಕು ಅಂತ ಓನರ್ ರೂಲು. ಕೆನ್ನೆ ನೋಯುತ್ತೆ. ಮನೆಗೆ ಹೋದ್ರೆ ಮಗು ಮುಂದೆ ನಗೋಕೂ ಬೇಜಾರು. ಇಷ್ಟು ನಕ್ಕರೂ ನನ್ನ ಮುಖ ಯಾಕೆ ಬಾಡಿದ ಹಾಗೆ ಕಾಣುತ್ತೆ?
(ಮೈಸೂರು)

ಉತ್ತರ: ಯಾಕಂದ್ರೆ ದುಡಿತಿರೋದು ಕೆನ್ನೆ ಮಾತ್ರ. ಡುಶೆನ್ ಅಂತ ಒಬ್ಬ ಫ್ರೆಂಚ್ ಡಾಕ್ಟ್ರು ಮುಖದ ಸ್ನಾಯುಗಳಿಗೆ ಸಣ್ಣಗೆ ಕರೆಂಟ್ ಕೊಟ್ಟು ಯಾವುದು ಏನು ಮಾಡುತ್ತೆ ಅಂತ ನೋಡಿ 1862ರಲ್ಲಿ ಬರೆದಿಟ್ರು. ತುಟಿ ಮೇಲಕ್ಕೆಳೆಯೋ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತೆ, ಕಣ್ಣಿನ ಸುತ್ತ ಇರೋ ಸ್ನಾಯು ಮಾತ್ರ ಮನಸ್ಸಿಗೆ ಖುಷಿ ಆದಾಗ್ಲೇ ಚೆನ್ನಾಗಿ ಬಿಗಿಯಾಗೋದು ಅಂತ. ಕೆಲವರು ಬೇಕಂತಲೇ ಅದನ್ನೂ ಮಾಡ್ತಾರೆ ಬಿಡಿ, ನಟರಿಗೆ ಹೊಟ್ಟೆಪಾಡೇ ಅದು. ಆದ್ರೆ ದಿನಗಟ್ಟಲೆ ನಿಂತುಕೊಂಡು ಗಿರಾಕಿ ಮುಂದೆ ಮಾಡೋಕಾಗಲ್ಲ. ಆರ್ಲಿ ಹೋಕ್‌ಶೀಲ್ಡ್ ಅನ್ನೋ ಸಮಾಜಶಾಸ್ತ್ರಜ್ಞೆ ವಿಮಾನದ ಗಗನಸಖಿಯರನ್ನ ಮಾತಾಡಿಸಿ 1983ರಲ್ಲಿ ಬರೆದಿದ್ದು ಇದನ್ನೇ, ನಗೋದೂ ಒಂದು ದುಡಿಮೆ, ಆ ದುಡಿಮೆಗೂ ಸುಸ್ತಾಗುತ್ತೆ, ಡ್ಯೂಟಿ ಮುಗಿದ ಮೇಲೆ ತನ್ನ ನಗು ಯಾವುದು ಕಂಪನಿ ನಗು ಯಾವುದು ಅಂತಾನೇ ತಿಳಿಯಲ್ಲ.

ಮನೇಲಿ ನಗೋಕಾಗದೇ ಇರೋದಕ್ಕೆ ನೀವು ಕೆಟ್ಟ ತಾಯಿ ಅಂತ ಅಂದ್ಕೋಬೇಡಿ. ಬಂದ ತಕ್ಷಣ ಕಾಲು ಮೇಲಿಟ್ಟು ಸುಮ್ನೆ ಕೂತ್ಕೊಳ್ಳಿ, ಮಗು ಪಕ್ಕದಲ್ಲಿ ಕೂರಲಿ, ನಗು ಬಂದ್ರೆ ಬರುತ್ತೆ. ಓನರ್ ಈ ಪತ್ರಿಕೆ ಓದ್ತಾರೇನೋ, ಅವರಿಗೊಂದು ಮಾತು: ಕೇರಳದಲ್ಲಿ 2018ರಲ್ಲಿ, ತಮಿಳುನಾಡಲ್ಲಿ 2021ರಲ್ಲಿ ಅಂಗಡಿ ಕೆಲಸದೋರಿಗೆ ಕೂರೋಕೆ ಸೀಟು ಕೊಡಬೇಕು ಅಂತ ಕಾನೂನೇ ತಂದ್ರು. ನಿಮ್ಮ ಹುಡುಗೀರು ಚೆಂದ ಕಾಣ್ಬೇಕಾ, ಒಂದು ಸ್ಟೂಲು ತಂದಿಡಿ ಸ್ವಾಮಿ.

ಪ್ರಶ್ನೆ: ಮಗಳಿಗೆ 14, ಒಂಬತ್ತನೇ ಕ್ಲಾಸು. ಫೋನಲ್ಲಿ ದಿನಾ ಸೆಲ್ಫಿ ತಕ್ಕೊಳ್ಳೋದು, ಡಿಲೀಟ್ ಮಾಡೋದು, "ನನ್ನ ಮೂಗು ದಪ್ಪ, ನಾನು ಚೆನ್ನಾಗಿಲ್ಲ" ಅಂತ ಅಳೋದು. ರೂಪಕ್ಕಿಂತ ಗುಣ ದೊಡ್ಡದು ಕಣವ್ವ ಅಂದ್ರೆ "ನಿಂಗೇನ್ ಗೊತ್ತು" ಅಂತಾಳೆ. ಹೆಂಗೆ ಹೇಳಾದು?
(ಮಂಡ್ಯದ ಒಬ್ಬ ತಾಯಿ)

ಉತ್ತರ: ಗುಣದ ಪಾಠ ಆಮೇಲೆ, ಮೊದಲು ಮೂಗಿನ ಪಾಠ ಮಾಡಿ. ಅವಳ ಮೂಗು ದಪ್ಪ ಇಲ್ಲ, ಕೈಗೂ ಮುಖಕ್ಕೂ ಇರೋ ದೂರ ಕಮ್ಮಿ, ಅಷ್ಟೇ. ಕ್ಯಾಮೆರಾಗೆ ಹತ್ತಿರ ಇರೋದು ದೊಡ್ಡದಾಗಿ ಕಾಣುತ್ತೆ, ಮುಖದಲ್ಲಿ ಎಲ್ಲಕ್ಕಿಂತ ಮುಂದಿರೋದು ಮೂಗು. 2018ರಲ್ಲಿ ಅಮೆರಿಕದ ಡಾಕ್ಟ್ರುಗಳು ಲೆಕ್ಕ ಹಾಕಿ ತೋರಿಸಿದ್ರು, ಐದು ಅಡಿ ದೂರದಿಂದ ತೆಗೆದ ಫೋಟೋಗಿಂತ ಒಂದು ಅಡಿ ದೂರದ ಸೆಲ್ಫೀಲಿ ಮೂಗು ಸುಮಾರು 30% ಅಗಲ ಕಾಣುತ್ತೆ ಅಂತ. ಸೆಲ್ಫಿ ನೋಡ್ಕೊಂಡು ಮೂಗಿಗೆ ಆಪರೇಷನ್ ಮಾಡಿ ಅಂತ ಬರೋ ಜನ ಜಾಸ್ತಿ ಆಗಿದ್ದಕ್ಕೇ ಅವರು ಈ ಲೆಕ್ಕಕ್ಕೆ ಕೂತಿದ್ದು. ಫೋನನ್ನ ಕಿಟಕಿ ಮೇಲೆ ಒರಗಿಸಿ ಟೈಮರ್ ಇಟ್ಟು ದೂರ ನಿಂತ್ಕೊಂಡು ತೆಗೆಯೋಕೆ ಹೇಳಿ, ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ಅವಳೇ ನೋಡಲಿ. ಈ ವಯಸ್ಸಿನ ಮಕ್ಕಳಿಗೆ ಗಾದೆಗಿಂತ ಪ್ರೂಫ್ ಬೇಗ ನಾಟುತ್ತೆ.

ಆಮೇಲೆ ಮನೇಲಿ ಏನ್ ಮಾತಾಡ್ತೀರ ಅಂತ ಒಂಚೂರು ಕಿವಿಗೊಟ್ಟು ಕೇಳಿಸ್ಕೊಳ್ಳಿ. "ಅವಳು ಮದ್ವೆ ಆದ್ಮೇಲೆ ಊದ್ಕೊಂಡವ್ಳೆ", "ಅವನ ಹೆಂಡ್ತಿ ನೋಡಾಕಾಗಲ್ಲ" ಇಂಥವೆಲ್ಲ ನಾವು ಟಿವಿ ನೋಡ್ಕೊಂಡು ಬಾಯಿಗೆ ಬಂದಂಗೆ ಆಡಿರ್ತೀವಿ, ಮಕ್ಕಳು ಅದನ್ನ ತಮ್ಮ ಮುಖಕ್ಕೆ ಹೊಂದಿಸ್ಕೊಂಡು ನೋಡ್ತಾರೆ. ದಿನಾ ಗುಣ ದೊಡ್ಡದು ಅಂತ ಹೇಳ್ತಾ ನೆಂಟರ ಸೊಂಟದ ಸುತ್ತಳತೆ ಲೆಕ್ಕ ಹಾಕೋ ಮನೇಲಿ ಯಾವ ಮಗು ನಂಬುತ್ತೆ? ಊಟ ಬಿಡ್ತಿದ್ರೆ, ಶಾಲೆಗೆ ಹೋಗಲ್ಲ ಅಂದ್ರೆ ಮಾತ್ರ ತಡ ಮಾಡದೆ ಒಬ್ಬ ಮಕ್ಕಳ ಕೌನ್ಸೆಲರ್ ಹತ್ರ ಕರ್ಕೊಂಡು ಹೋಗಿ.

ಪ್ರಶ್ನೆ: ಅಕ್ಕ, ಒಳ್ಳೆ ಮನಸ್ಸು ಮುಖದಲ್ಲಿ ಕಾಣುತ್ತೆ ಅಂತ ಬರೆದ್ರಲ್ಲ, ನಮ್ಮನೆಯವರ ಮುಖ ನೋಡಿ ಊರೋರೆಲ್ಲ "ಎಂಥಾ ಕಳೆ, ದೇವರಂಥ ಮನುಷ್ಯ" ಅಂತಾರೆ. ದೇವಸ್ಥಾನದ ಕಮಿಟಿ, ರಕ್ತದಾನ ಶಿಬಿರ ಎಲ್ಲದ್ರಲ್ಲೂ ಮುಂದು. ಬಾಗಿಲು ಹಾಕಿದ ಮೇಲೆ ಕಿವಿಯಲ್ಲಿ ಕೇಳೋಕಾಗದ ಬೈಗುಳ, ಕೈನೂ ಎತ್ತಿದಾರೆ. ನಾನು ಹೇಳಿದ್ರೆ ನನ್ನಮ್ಮನೇ ನಂಬಲ್ಲ.
(ಊರು, ಹೆಸರು ಎರಡೂ ಬೇಡ)

ಉತ್ತರ: ನಾನು ನಂಬ್ತೀನಿ. ಗುಣ ಗೊತ್ತಾದ ಮೇಲೆ ಮುಖ ಚೆಂದ ಕಾಣುತ್ತೆ ಅನ್ನೋದು ಒಂದು, ಮುಖ ಚೆಂದ ಇದೆ ಅಂತ ಗುಣನೂ ಒಳ್ಳೇದು ಅಂತ ತೀರ್ಮಾನ ಮಾಡೋದು ಇನ್ನೊಂದು. ಎರಡನೇದು ಶುದ್ಧ ಮೋಸ. 1920ರಷ್ಟು ಹಿಂದೇನೇ ಥಾರ್ನ್‌ಡೈಕ್ ಅನ್ನೋ ಮನಶ್ಶಾಸ್ತ್ರಜ್ಞ ಇದನ್ನ ಸೈನ್ಯದಲ್ಲಿ ಕಂಡಿದ್ರು, ಮೇಲಧಿಕಾರಿಗಳು ತಮ್ಮ ಕೈಕೆಳಗಿನೋರಿಗೆ ಅಂಕ ಕೊಡೋವಾಗ ಮೈಕಟ್ಟು ಚೆನ್ನಾಗಿದ್ದೋರಿಗೆ ಬುದ್ಧಿಗೂ, ನಾಯಕತ್ವಕ್ಕೂ, ನಡತೆಗೂ ಒಟ್ಟಿಗೇ ಧಾರಾಳವಾಗಿ ಕೊಟ್ಟುಬಿಡ್ತಿದ್ರು. ನಿಮ್ಮೂರೋರು ಮಾಡ್ತಿರೋದೂ ಅಷ್ಟೇ. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನೋ ಗಾದೆ ನಿಮ್ಮನೆಯವರಿಗಿಂತ ಮುಂಚೆನೇ ಹುಟ್ಟಿದೆ, ಅಂದ್ರೆ ಇಂಥೋರು ಆಗ್ಲೂ ಇದ್ರು.

ಕಳೆಯ ವಿಷ್ಯ ಸಾಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬರೀ ಹೊಡೆತಕ್ಕಲ್ಲ, ಬೈಗುಳ, ಅವಮಾನ, ದುಡ್ಡು ಕೊಡದೆ ಸತಾಯಿಸೋದು ಎಲ್ಲಕ್ಕೂ ಅನ್ವಯ ಆಗುತ್ತೆ, ನೀವಿರೋ ಮನೇಲೇ ಇರೋ ಹಕ್ಕೂ ಅದ್ರಲ್ಲಿದೆ, ಮನೆ ಅವರ ಹೆಸರಲ್ಲಿದ್ರೂ ಸರಿ. 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ, ಹಿಂಸೆ ಅನುಭವಿಸಿದ ಹೆಂಗಸರಿಗೆ ನೆರವು ಕೊಡೋ ಸಖಿ ಕೇಂದ್ರ ಹತ್ತಿರದಲ್ಲಿ ಎಲ್ಲಿದೆ ಅಂತ ಕೇಳಿ. ನಿಮ್ಮನೆಯವರು ಕೈ ಎತ್ತಿದ ಹೊತ್ತಿಗೆ ಪೊಲೀಸರಿಗೆ 112. ಗಾಯ ಆಗಿದ್ರೆ ಸರ್ಕಾರಿ ಆಸ್ಪತ್ರೇಲಿ ತೋರಿಸಿ, ಹೇಗಾಯ್ತು ಅಂತ ನಿಜನೇ ಬರೆಸಿ, "ಬಾತ್‌ರೂಮಲ್ಲಿ ಜಾರಿದೆ" ಅನ್ನಬೇಡಿ. ನಿಮ್ಮ ಆಧಾರ್, ಪಾಸ್‌ಬುಕ್ಕು, ಮಕ್ಕಳ ದಾಖಲೆ ಒಂದು ಕಡೆ ಇಟ್ಕೊಳ್ಳಿ. ಮತ್ತೆ ಬರೀರಿ, ಪತ್ರಿಕೇಲಿ ಹಾಕಲ್ಲ.

ಪ್ರಶ್ನೆ: ನಂಗ ತೊನ್ನು ಅದರೀ, ಕೈಮ್ಯಾಲೆ, ತುಟಿ ಸುತ್ತ. ಗುಡ್ಯಾಗ ಪ್ರಸಾದ ಹಂಚಾಕ ಹೋದ್ರ ನನ್ನ ಕೈಯಿಂದ ಇಸ್ಕೊಳ್ಳಾಂಗಿಲ್ಲ. ನಾ ಎಷ್ಟ್ ಛಲೋ ಇದ್ರೇನು, ಒಳಗಿಂದು ಯಾರಿಗೆ ಕಾಣಸ್ತದರೀ?
(ಕಲಬುರಗಿ)

ಉತ್ತರ: ಇಲ್ಲಿ ನಿಮ್ಮ ಗುಣಕ್ಕೆ ಮಾಡೋ ಕೆಲಸ ಏನೂ ಇಲ್ಲ ಅಣ್ಣಾ, ಗುಣ ಬೇಕಾಗಿರೋದು ಎದುರಿಗೆ ಕೈ ಹಿಂದಕ್ಕೆಳ್ಕೊಳ್ಳೋರಿಗೆ. ಈ ಅಂಕಣ ಓದೋರೆಲ್ಲ ಇಷ್ಟು ತಿಳ್ಕೊಳ್ಳಿ: ತೊನ್ನು ಅಂಟಲ್ಲ. ಮುಟ್ಟಿದ್ರೂ ಅಂಟಲ್ಲ, ಒಂದೇ ತಟ್ಟೇಲಿ ಉಂಡರೂ ಅಂಟಲ್ಲ. ಅದು ಕುಷ್ಠನೂ ಅಲ್ಲ, "ಬಿಳಿ ಕುಷ್ಠ" ಅಂತ ಕರೆಯೋದೇ ತಪ್ಪು. ಚರ್ಮಕ್ಕೆ ಬಣ್ಣ ಕೊಡೋ ಕಣಗಳನ್ನ ನಮ್ಮ ದೇಹದ ರಕ್ಷಣಾ ವ್ಯವಸ್ಥೆನೇ ಹಾಳು ಮಾಡೋದ್ರಿಂದ ಆಗೋದು, ಪೂರ್ವಜನ್ಮದ ಪಾಪ ಗೀಪ ಏನೂ ಇಲ್ಲ. ಇವತ್ತು ಮುಲಾಮು, ಲೈಟ್ ಚಿಕಿತ್ಸೆ ಎಲ್ಲಾ ಇದೆ, ಎಲ್ಲರಿಗೂ ಪೂರ್ತಿ ವಾಸಿ ಆಗುತ್ತೆ ಅಂತ ಹೇಳೋಕಾಗಲ್ಲ, ತೋರಿಸೋದು ಬಿಡೋದು ನಿಮ್ಮಿಷ್ಟ. ಗುಡಿಯ ಪೂಜಾರಿಗಳಿಗೆ ಈ ಪುಟ ತೋರಿಸಿ, ಮೊದಲ ಪ್ರಸಾದ ಎಲ್ಲರೆದುರು ಅವರೇ ನಿಮ್ಮ ಕೈಯಿಂದ ಇಸ್ಕೊಳ್ಳಲಿ. ಅಷ್ಟು ಮಾಡೋಕೆ ಅವರಿಗೇನೂ ಖರ್ಚಿಲ್ಲ.

ಪ್ರಶ್ನೆ: ತುಳಸಿ ಗೌಡರು ತೀರಿಕೊಂಡಾಗ ಎಲ್ಲರ ಸ್ಟೇಟಸ್ಸಲ್ಲೂ ಅವರ ಫೋಟೋ, "ನಿಜವಾದ ಸೌಂದರ್ಯ ಅಂದ್ರೆ ಇದು" ಅಂತ. ಪದ್ಮಶ್ರೀ ಬರದೇ ಇದ್ದಿದ್ರೆ ಇವರೆಲ್ಲ ಹಾಗೆ ಅಂತಿದ್ರಾ?
(ಕುಮಟಾದ ಒಬ್ಬ ಮೇಷ್ಟ್ರು)

ಉತ್ತರ: ಬಹುಪಾಲು ಜನ ಅಂತಿರ್ಲಿಲ್ಲ ಮೇಷ್ಟ್ರೇ. ಅಂಕೋಲಾ ಕಡೆಯ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ಹೆಂಗಸು, ಅರಣ್ಯ ಇಲಾಖೆ ನರ್ಸರೀಲಿ ವರ್ಷಗಟ್ಟಲೆ ಕೂಲಿಗೆ ದುಡಿದೋರು, ಸಾವಿರಾರು ಸಸಿ ಬೆಳೆಸಿದೋರು. ಆಗ್ಲೂ ಅದೇ ಮುಖ, ಅದೇ ಮಣಿಸರ, ಅದೇ ಬರಿಗಾಲು. 2021ರ ನವೆಂಬರಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಆ ಬರಿಗಾಲು ನಡೆದಾಗ ನಮಗೆಲ್ಲ ಕಣ್ಣು ಬಂತು. 2024ರ ಡಿಸೆಂಬರಲ್ಲಿ ತೀರಿಕೊಂಡ್ರು. ನಿಮ್ಮ ಕಡೆ ಸಂತೇಲಿ ಅದೇ ಉಡುಗೆಯ ಹೆಂಗಸರು ಸೊಪ್ಪು ತರಕಾರಿ ಇಟ್ಕೊಂಡು ಕೂತಿರ್ತಾರಲ್ಲ, ಅವರ ಹತ್ರ ಎರಡು ರೂಪಾಯಿಗೆ ಚೌಕಾಸಿ ಮಾಡಿ ಬಂದೋರೂ ಅವತ್ತು ಆ ಸ್ಟೇಟಸ್ ಹಾಕಿರ್ತಾರೆ.

ಆದ್ರೂ ಅದನ್ನ ಪೂರ್ತಿ ಬೂಟಾಟಿಕೆ ಅಂತ ನಾನು ಅನ್ನಲ್ಲ. ಆಕೆ ಏನು ಮಾಡಿದ್ರು ಅಂತ ಗೊತ್ತಾಯ್ತು, ಗೊತ್ತಾದ ಮೇಲೆ ಮುಖ ಬೇರೆ ಥರ ಕಂಡಿತು, ಆ ಕಂಡಿದ್ದು ಸುಳ್ಳಲ್ಲ. ಗೊತ್ತು ಮಾಡ್ಕೊಳ್ಳೋಕೆ ದಿಲ್ಲಿವರೆಗೆ ಕಾಯ್ತೀವಲ್ಲ, ನಂಗೆ ತಕರಾರಿರೋದು ಅಲ್ಲಿ. ನೀವು ಮೇಷ್ಟ್ರು, ನಿಮ್ಮ ಶಾಲೇಲಿ ಬಿಸಿಯೂಟ ಮಾಡೋ ಅಮ್ಮಂದಿರ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಾ?

ಪ್ರಶ್ನೆ: ಸಿಟ್ಟ ಮಾಡ್ಕೊಂಡ್ರ ಮಾರಿ ಸುಕ್ಕಾಕ್ಕೈತಿ ಅಂತ ನಮ್ಮಾಕಿ ದಿನಾ ಹೆದರಸ್ತಾಳ್ರೀ. ಖರೇನ?
(ಹುಬ್ಬಳ್ಳಿ)

ಉತ್ತರ: ಕಾಲು ಭಾಗ ಖರೆ ಇರಬಹುದು. ಹುಬ್ಬು ಗಂಟಿಕ್ಕಿ ಗಂಟಿಕ್ಕಿ ಎರಡು ಹುಬ್ಬಿನ ಮಧ್ಯೆ ಗೆರೆ ಬೀಳೋದು ಹೌದು, ನಕ್ಕು ನಕ್ಕು ಕಣ್ಣಂಚಲ್ಲೂ ಗೆರೆ ಬೀಳುತ್ತೆ, ಹಾಗಾಗಿ ಸಾಧು ಮನುಷ್ಯರಿಗೂ ಸುಕ್ಕು ತಪ್ಪಿದ್ದಲ್ಲ. ಮುಖ ನಿಜವಾಗಿ ಸುಕ್ಕಾಗಿಸೋದು ವಯಸ್ಸು, ಬಿಸಿಲು ಮತ್ತೆ ಸಿಗರೇಟು. ನಿಮ್ಮಾಕಿ ಸುಕ್ಕಿನ ನೆಪದಲ್ಲಿ ಬೇರೇನೋ ಹೇಳ್ತಿದಾರೆ ಅಂತ ನಂಗೆ ಗುಮಾನಿ. ಯಾವುದಕ್ಕೆ ಅಷ್ಟು ಸಿಟ್ಟು ಮಾಡ್ಕೋತೀರಿ ಅಂತ ನೀವು ಬರೆದೇ ಇಲ್ಲವಲ್ಲ ರೀ, ಮುಂದಿನ ತಿಂಗಳು ಅದನ್ನ ಬರೀರಿ, ಇಬ್ಬರೂ ಸೇರಿ.